ಸಾಕಿಚಿ ಮನೆ ಮುಟ್ಟಿದ ವಾರ

ಕುರೋಸೆ ಗೆಂಜಿರೋ ಎಂಬ ಮಾಂಗಾ ಕಲಾವಿದರು ಐವತ್ಮೂರು ವರ್ಷಗಳಲ್ಲಿ ಬರೆದ ಚಿತ್ರಕಥೆಯ ಪುಟಗಳು ಒಂದು ಲಕ್ಷದ ಹನ್ನೊಂದು ಸಾವಿರ. ಇದು ಅಭಿಮಾನಿಗಳು ಬಾಯಿಗೆ ಬಂದಂತೆ ಹೇಳಿದ ಸಂಖ್ಯೆಯಲ್ಲ. ವನಮಾಲಾ ಸಿಂಪಿ ಎರಡು ವರ್ಷ ಕೂತು ಅಷ್ಟನ್ನೂ ಸ್ಕ್ಯಾನರಿನ ಕೆಳಗೆ ಹಾಯಿಸಿದಾಗ ಸಿಕ್ಕಿದ್ದು. ಬೇರೆ ಕಲಾವಿದರು ವಾರಕ್ಕೆ ಇಪ್ಪತ್ತು ಪುಟ ಬರೆದು ಹೈರಾಣಾದರೆ, ಕುರೋಸೆ ಎರಡು ವಾರಪತ್ರಿಕೆಗಳಿಗೆ ನಲವತ್ತು ಪುಟ ಬರೆದು, ಬೇಜಾರು ಕಳೆಯಲೆಂದು ಇನ್ನೊಂದಷ್ಟು ಬರೆಯುತ್ತಿದ್ದರು. ಊಟ ಮಾಡುತ್ತ ಬರೆದ ಪುಟಗಳ ಮೇಲೆ ಸೋಯಾ ಸಾಸಿನ ಕಲೆ ಇತ್ತು. ಹಲ್ಲುನೋವಿನ ವಾರ ಬರೆದ ಕಂತಿನಲ್ಲಿ ಪಾತ್ರಗಳೆಲ್ಲ ಕೆನ್ನೆ ಹಿಡಿದುಕೊಂಡು ಓಡಾಡುತ್ತಿದ್ದವು. ತಮ್ಮ ಮದುವೆಯ ದಿನ ಆರು ಪುಟ ಮುಗಿಸಿಯೇ ಎದ್ದರಂತೆ. ಮದುಮಗಳು ಅಷ್ಟು ಹೊತ್ತು ಪಕ್ಕದ ಕೋಣೆಯಲ್ಲಿ ಸಂಪಾದಕರ ಜೊತೆ ಚಹಾ ಕುಡಿಯುತ್ತ ಕೂತಿದ್ದಳು.

ಅದರಲ್ಲಿ ನಲವತ್ತೊಂದು ಸಾವಿರ ಪುಟ ಒಂದೇ ಕಥೆಯದು. ಸಾಕಿಚಿ ಎಂಬ ಕೊಡೆ ರಿಪೇರಿಯವನ ಕಥೆ. ಒಂದು ದಿನ ಬೆಳಿಗ್ಗೆ ಅವನ ಹೆಂಡತಿ ಒಮಿತ್ಸುವಿನ ಕೊಡೆಯ ಕಡ್ಡಿ ಮುರಿಯುತ್ತದೆ. "ಪಕ್ಕದೂರಿಂದ ಒಳ್ಳೇ ಬಿದಿರು ಕಡ್ಡಿ ತಂದು ಹಾಕಿಕೊಡ್ತೀನಿ, ಸಂಜೆಯೊಳಗೆ ಬಂದೆ" ಎಂದು ಹೇಳಿ ಅವನು ಹೊರಡುತ್ತಾನೆ. ಹೊರಟವನು ನಲವತ್ತೊಂದು ವರ್ಷವಾದರೂ ಮನೆಗೆ ಬಂದಿಲ್ಲ. ಪ್ರತಿ ಕಂತಿನ ಕೊನೆಗೆ ಯಾವುದೋ ಬೀದಿಯಲ್ಲಿ ಯಾರೋ "ಕೊಡೆಯವರೇ!" ಎಂದು ಕೂಗುತ್ತಾರೆ. ಅವನಿಗೆ ಇಲ್ಲ ಎನ್ನಲು ಬರುವುದಿಲ್ಲ. ಓದುಗರಿಗೆ ವಯಸ್ಸಾದಂತೆ ಅವನಿಗೂ ವಯಸ್ಸಾಯಿತು, ತಲೆ ಬೆಳ್ಳಗಾಯಿತು, ಮೊಣಕಾಲು ನೋಯತೊಡಗಿತು. ಮನೆ ಮಾತ್ರ ಬರಲಿಲ್ಲ.

ಕುರೋಸೆಯವರ ಬಲಗೈ ನಡುಗಲು ಶುರುವಾದಾಗ ತೊಯಾಮಾ ಪಟ್ಟಣದಲ್ಲಿ ವನಮಾಲಾ ಕೆಲಸ ಮಾಡುವ ಪ್ರಯೋಗಾಲಯದ ಮುಖ್ಯಸ್ಥ ತಕಾಬೆ ಕುರೋಸೆಯವರ ಮನೆಗೆ ಹೋಗಿ ಒಂದು ಪ್ರಶ್ನೆ ಕೇಳಿದ್ದರು: ಮನುಷ್ಯ ದಣಿದ ಮೇಲೂ ಅವನ ಕೈ ದಣಿಯದೆ ಉಳಿದರೆ ಹೇಗೆ? ಆ ಪ್ರಶ್ನೆಯಿಂದ ಹುಟ್ಟಿದ್ದು ಈ ಯಂತ್ರ. ಪುಟಗಳ ಮೇಲೆ ಓರೆಯಾಗಿ ಬೆಳಕು ಬಿಟ್ಟು, ನಿಬ್ಬು ಕಾಗದವನ್ನು ಎಷ್ಟು ಒತ್ತಿದೆ, ಯಾವ ಗೆರೆ ಮೊದಲು ಬಿತ್ತು, ಎಲ್ಲಿ ಕೈ ಒಂದು ಕ್ಷಣ ನಿಂತಿತು ಎಂದೆಲ್ಲ ಅದು ಓದಿಕೊಂಡಿತು. ಕುರೋಸೆ ಹದಿನಾಲ್ಕು ತಿಂಗಳು ಮಣಿಕಟ್ಟಿಗೆ ಒಂದು ತೆಳು ಪಟ್ಟಿ ಕಟ್ಟಿಕೊಂಡೇ ಬರೆದರು. ಸ್ನಾಯುಗಳ ಮಿಡಿತವೆಲ್ಲ ದಾಖಲಾಯಿತು. ಕೊನೆಗೆ ಒಂದು ಉಕ್ಕಿನ ತೋಳಿಗೆ ನಿಬ್ಬು ಸಿಕ್ಕಿಸಿದರು. ಕುರೋಸೆಗೆ ಎರಡು ಕೈ ಇದ್ದುದರಿಂದ ಇದನ್ನು ಎಲ್ಲರೂ ಮೂರನೇ ಕೈ ಎಂದು ಕರೆದರು. ಅವರಿಗೆ ಪಾರ್ಶ್ವವಾಯು ಹೊಡೆದು ಬಲಗೈಯೂ ಮಾತೂ ಒಂದೇ ದಿನ ಹೋದಾಗ, ಮುಂದಿನ ವಾರದ ಕಂತು ಮೂರನೇ ಕೈಯಿಂದ ಬಂತು. ಓದುಗರಿಗೆ ತಿಳಿಸಿಯೇ ಅಚ್ಚು ಹಾಕಿದರು. ಹೀಗೆ ಒಂದೂವರೆ ವರ್ಷ ನಡೆದಿತ್ತು. ಪತ್ರಿಕೆಯವರು ಖುಷಿಯಾಗಿದ್ದರು. ಓದುಗರೂ ಒಗ್ಗಿಕೊಂಡಿದ್ದರು.

ಒಗ್ಗದವರು ಕುರೋಸೆ ಒಬ್ಬರೇ. ಯಂತ್ರದ ಕರಾರಿಗೆ ಸಹಿ ಹಾಕಿದ ದಿನ, ಮಾತು ಇನ್ನೂ ಇದ್ದಾಗ, ಅವರು ತಕಾಬೆಗೆ ಒಂದೇ ಒಂದು ಬೇಡಿಕೆ ಇಟ್ಟಿದ್ದರು. "ನಾನು ಕಣ್ಣು ಮುಚ್ಚೋದರೊಳಗೆ ಸಾಕಿಚಿ ಮನೆ ಮುಟ್ಟಬೇಕು. ಅದನ್ನ ನಾನು ನೋಡಬೇಕು." ಈಗ ಅವರ ಹೃದಯ ಸೋತಿತ್ತು. ಚಳಿಗಾಲ ದಾಟುವುದು ಕಷ್ಟ ಎಂದು ವೈದ್ಯರು ಹೇಳಿಯಾಗಿತ್ತು.

"ಹದಿನೇಳನೇ ಸಲ" ಎಂದರು ತಕಾಬೆ. ಅವರೂ ವನಮಾಲಾಳೂ ಗಾಜಿನ ಈಚೆ ನಿಂತಿದ್ದರು. ಆಚೆ ಮೂರನೇ ಕೈ ಸರಸರನೆ ಬರೆಯುತ್ತಿತ್ತು. ಕಥೆ ಮುಗಿಸು ಎಂದು ಅದಕ್ಕೆ ಹೇಳಿದ್ದರು. ಸಾಕಿಚಿ ತನ್ನೂರಿನ ದಾರಿ ಹಿಡಿದ, ಹಳೆಯ ಬಾವಿ ದಾಟಿದ, ಮನೆಯ ಅಂಗಳಕ್ಕೆ ಬಂದ. ಹತ್ತೊಂಬತ್ತನೇ ಪುಟದ ಕೊನೆಯಲ್ಲಿ ಬಾಗಿಲು ತಟ್ಟಲು ಕೈ ಎತ್ತಿದ. ಇಪ್ಪತ್ತನೇ ಪುಟದಲ್ಲಿ ಅವನ ಬೆನ್ನ ಹಿಂದೆ ಯಾರೋ ಕೂಗಿದರು: "ಕೊಡೆಯವರೇ!" ಸಾಕಿಚಿ ತಿರುಗಿ ನೋಡಿದ.

"ಥತ್" ಎಂದು ವನಮಾಲಾ ಕನ್ನಡದಲ್ಲೇ ಬೈದಳು.

"ಅದರ ತಪ್ಪಲ್ಲ" ಎಂದರು ತಕಾಬೆ. "ಅದು ನೋಡಿರೋದು ಐದೂವರೆ ಸಾವಿರ ಕಂತು. ಒಂದೊಂದು ಕಂತಿನ ಕೊನೆಯ ಚೌಕವೂ ಕೊಕ್ಕೆ. ಓದುಗ ಮುಂದಿನ ವಾರ ಬರಲಿ ಅಂತ ಹಾಕಿದ್ದು. ನಿಜವಾದ ಮುಕ್ತಾಯ ಒಟ್ಟು ಒಂಬತ್ತೇ ಒಂಬತ್ತು. ಐದೂವರೆ ಸಾವಿರದ ಮುಂದೆ ಒಂಬತ್ತು ಯಾವ ಮೂಲೆಗೆ? ಮುಗಿಸೋದು ಅಂದರೆ ಏನು ಅಂತಲೇ ಇದಕ್ಕೆ ಗೊತ್ತಿಲ್ಲ."

"ಹಾಗಾದರೆ?"

"ಆಗದಿದ್ದರೆ ಮುಂದುವರಿಯಲಿ ಅಂತಾರೆ ಪತ್ರಿಕೆಯವರು. ಅವರಿಗೇನು ಕಷ್ಟ?" ತಕಾಬೆ ಕನ್ನಡಕ ತೆಗೆದು ಒರೆಸಿದರು. "ನಾವೆಲ್ಲ ಸತ್ತ ಮೇಲೂ ಈ ಮುದುಕ ನಡೀತಾನೇ ಇರ್ತಾನೆ."

ವನಮಾಲಾ ಬಿಸಾಡಿದ ಪುಟಗಳನ್ನು ಮನೆಗೆ ತಂದಳು. ತರುವುದು ತಾಯಿಗಾಗಿ. ರುಕ್ಮವ್ವ ಗದಗ ಬೆಟಗೇರಿಯಲ್ಲಿ ಮೂವತ್ತೈದು ವರ್ಷ ಹೊಲಿಗೆ ಅಂಗಡಿ ಇಟ್ಟವಳು. ಆರು ತಿಂಗಳಿಗೆಂದು ಮಗಳ ಬಳಿ ಬಂದು ಮೂರು ವರ್ಷವಾಗಿತ್ತು. ಕಿಟಕಿಯ ಹತ್ತಿರ ಒಂದು ಹೊಲಿಗೆ ಯಂತ್ರ ಹಾಕಿಸಿಕೊಂಡು, ಅಕ್ಕಪಕ್ಕದ ಜಪಾನಿ ಹೆಂಗಸರ ಕೋಟು, ಲಂಗಗಳನ್ನು ಸರಿಮಾಡಿಕೊಡುತ್ತಿದ್ದಳು. ಭಾಷೆಯ ತಂಟೆಗೆ ಹೋದವಳಲ್ಲ. ಟೇಪು ಹಿಡಿದರೆ ಸಾಕು, ಕೆಲಸ ನಡೆಯುತ್ತಿತ್ತು. ಜಪಾನಿಯ ಒಂದಕ್ಷರ ಬಾರದಿದ್ದರೂ ಸಾಕಿಚಿಯ ಕಥೆಯನ್ನು ಚಿತ್ರ ನೋಡಿಯೇ ಮೊದಲಿನಿಂದ ಓದಿದ್ದಳು. ಎಲ್ಲೂ ತಪ್ಪು ತಿಳಿದಿರಲಿಲ್ಲ.

"ಬಾಗಲ್ದಾಗ ನಿಂತ್ ಮತ್ತ ಹೊಳ್ಳಿ ನೋಡಾಕತ್ಯಾನಲ್ಲ ಈ ಮುದ್ಯಾ!" ರುಕ್ಮವ್ವ ಪುಟವನ್ನು ಮೇಜಿನ ಮೇಲೆ ಕುಕ್ಕಿದಳು. "ಮನೀಗ್ ಹೋಗೂ ಮನಸ ಇಲ್ಲ ಇವಂಗ."

"ಮನಸ ಇಲ್ಲಂತಲ್ಲವ್ವಾ. ಯಂತ್ರಕ್ಕ ಮುಗಸಾಕ ಬರವಲ್ದು."

"ಬರವಲ್ದು ಅಂದ್ರ? ಅಂಗಿ ಹೊಲ್ಯಾಕ್ ಕಲತದ್ದು ಗುಂಡಿ ಹಚ್ಚಾಕ್ ಕಲೀಲಿಲ್ಲೇನು?"

"ಗುಂಡಿ ಹಚ್ಚಿದ್ ಅಂಗೀನ ತೋರಸಿಲ್ಲ ಅದಕ್ಕ."

ರುಕ್ಮವ್ವ ಕನ್ನಡಕದ ಮೇಲಿನಿಂದ ಮಗಳನ್ನು ನೋಡಿದಳು. "ತೋರಸಿಲ್ಲ ಅನ್ನು. ಅದರ ಮ್ಯಾಲ್ಯಾಕ ಹಾಕ್ತಿ?" ಎಂದು ಮತ್ತೆ ಯಂತ್ರ ತುಳಿಯತೊಡಗಿದಳು. ವನಮಾಲಾಳಿಗೆ ಆ ಮಾತು ಸ್ವಲ್ಪ ಚುಚ್ಚಿತು. ಯಾಕೆ ಎಂದು ಆಗ ಗೊತ್ತಾಗಲಿಲ್ಲ.

ಸ್ಕ್ಯಾನ್ ಆದ ಮೂಲ ಪುಟಗಳನ್ನು ಕುರೋಸೆಯವರಿಗೆ ಕೊರಿಯರಿನಲ್ಲಿ ಹಿಂದಿರುಗಿಸುವಂತಿರಲಿಲ್ಲ. ಬಟ್ಟೆಯಲ್ಲಿ ಸುತ್ತಿ ಕೈಯಾರೆ ಒಯ್ದು, ಎರಡೂ ಕೈಯಲ್ಲಿ ಕೊಡಬೇಕು. ಕುರೋಸೆಯವರ ಸ್ಟುಡಿಯೋದ ಪದ್ಧತಿ ಅದು. ಕೊನೆಯ ಕಂತೆಗಳಿಗೆ ಚೀಲ ಹೊಲಿದವಳು ರುಕ್ಮವ್ವ. ತನ್ನ ಚೀಲ ಎಲ್ಲಿಗೆ ಹೋಗುತ್ತದೆಂದು ನೋಡಲು ಆ ಭಾನುವಾರ ಅವಳೂ ಹೊರಟಳು.

ಬಾಗಿಲು ತೆರೆದವರು ಓರಿಯೆ. ಐವತ್ತೆಂಟು ವರ್ಷದ ಹೆಂಗಸು, ಮೂವತ್ತೊಂದು ವರ್ಷದಿಂದ ಕುರೋಸೆಯವರ ಮುಖ್ಯ ಸಹಾಯಕಿ. ಸಾಕಿಚಿ ನಡೆದ ಬೀದಿ, ಮರ, ಸೇತುವೆ, ಅವನ ಮೇಲೆ ಬಿದ್ದ ಮಳೆ ಎಲ್ಲ ಅವರು ಬರೆದದ್ದು. ಮುಖ ಮಾತ್ರ ಒಂದನ್ನೂ ಬರೆದಿರಲಿಲ್ಲ. ಆ ಸ್ಟುಡಿಯೋದಲ್ಲಿ ಮುಖಕ್ಕೆ ಮಸಿ ಹಾಕುವುದು ಗುರುಗಳ ಕೈ ಮಾತ್ರ. ಕೆಲಸ ನಿಂತ ಮೇಲೂ ಅವರು ದಿನಾ ಬಂದು ಗುರುಗಳಿಗೆ ಗಂಜಿ ಕುಡಿಸಿ, ಮಸಿ ಒಣಗದಂತೆ ಬಾಟಲಿಯ ಬಾಯಿ ಒರೆಸಿ ಮುಚ್ಚಿಡುತ್ತಿದ್ದರು.

ಕುರೋಸೆ ಕಿಟಕಿಯ ಬಳಿ ಗಾಲಿಕುರ್ಚಿಯಲ್ಲಿ ಕೂತಿದ್ದರು. ತೊಡೆಯ ಮೇಲೆ ಈ ವಾರದ ಪತ್ರಿಕೆ. ಕೊನೆಯ ಪುಟ ನೋಡಿ ಅವರು ಅದನ್ನು ಬೋರಲು ಹಾಕಿದ್ದರು. ಪ್ರತಿ ವಾರವೂ ಹೀಗೇ ಎಂದರು ಓರಿಯೆ.

ರುಕ್ಮವ್ವ ಚೀಲದಿಂದ ಹಳೆಯ ಪುಟವೊಂದನ್ನು ತೆಗೆದು ಬೆಳಕಿಗೆ ಹಿಡಿದಳು. ಬಟ್ಟೆ ನೋಡುವಾಗಲೂ ಅವಳು ಹಾಗೆಯೇ ಹಿಡಿಯುತ್ತಿದ್ದಳು. "ವನೀ, ಈ ಮೂಲ್ಯಾಗ ಏನೋ ಮಾರ್ಕ್ ಹಾಕ್ಯಾರಲ್ಲ."

ಕೊನೆಯ ಚೌಕದ ಕೆಳಗಿನ ಖಾಲಿ ಅಂಚಿನಲ್ಲಿ ತಿಳಿ ನೀಲಿ ಗೆರೆಗಳಿದ್ದವು.

"ಅದು ಕಚ್ಚಾ ಗುರುತವ್ವಾ. ನೀಲಿ ಪೆನ್ಸಿಲ್ ಅಚ್ಚಿನ ಕ್ಯಾಮೆರಾಕ್ಕ ಕಾಣಂಗಿಲ್ಲ. ಅದಕ್ಕ ಇಲ್ಲಿ ಆಕಾಶ ಕಪ್ಪು ಮಾಡ್ರಿ, ಇಲ್ಲೊಂದ್ ಗಿಡ ಹಾಕ್ರಿ ಅಂತ ಅದರಾಗ ಬರದಿರ್ತಾರ. ಇದ್ರೂ ಇಲ್ಲದಂಗ."

"ಇದ್ರೂ ಇಲ್ಲದಂಗ ಹ್ಯಾಂಗ? ನಾ ಅರಬೀ ಮ್ಯಾಲ ಹಚ್ಚಿದ ಚಾಕ್ ಪೀಸೂ ಇಸ್ತ್ರಿ ಹೊಡದ ಮ್ಯಾಲ ಕಾಣಂಗಿಲ್ಲ. ಅಂಗಿ ಹೊಲದಿದ್ದು ಆ ಗೆರೀ ಮ್ಯಾಲನ ಅಲ್ಲೇನು?"

ವನಮಾಲಾ ಪುಟವನ್ನು ಇಸಿದುಕೊಂಡಳು. ಎರಡು ವರ್ಷ ಅವಳು ಈ ಪುಟಗಳನ್ನು ಪರದೆಯ ಮೇಲಷ್ಟೇ ನೋಡಿದ್ದಳು. ಕಾಗದ ಎತ್ತಿಡುವ ಕೆಲಸ ಯಂತ್ರದ್ದು. ಮೊದಲ ದಿನವೇ ಅವಳು ಸ್ಕ್ಯಾನರಿಗೊಂದು ಜರಡಿ ಅಳವಡಿಸಿದ್ದಳು: ಸಾಸಿನ ಕಲೆ ತೆಗೆ, ರಬ್ಬರಿನ ಮಸುಕು ತೆಗೆ, ನೀಲಿ ತೆಗೆ. ಮುದ್ರಣ ಕಲಿತವರು ಮೊದಲ ಪಾಠದಲ್ಲೇ ಕಲಿಯುವುದು ಅದನ್ನು. ಯಾರನ್ನೂ ಕೇಳಬೇಕೆಂದು ಅವಳಿಗೆ ಅನ್ನಿಸಿಯೇ ಇರಲಿಲ್ಲ.

ಆ ನೀಲಿ ಗೆರೆಗಳು ಸೂಚನೆಯಲ್ಲ. ಬೆರಳಗಲದ ಒಂದು ಚೌಕ. ಅದರೊಳಗೆ ಹೊಸ್ತಿಲ ಮೇಲೆ ಕೂತು ಕಾಲು ತೊಳೆದುಕೊಳ್ಳುತ್ತಿರುವ ಸಾಕಿಚಿ, ಪಕ್ಕದಲ್ಲಿ ನೀರಿನ ಚೊಂಬು ಹಿಡಿದ ಒಮಿತ್ಸು. ಸಾಕಿಚಿ ಮನೆಯಲ್ಲಿದ್ದ! ವನಮಾಲಾ ಇನ್ನೊಂದು ಕಂತಿನ ಕೊನೆಯ ಪುಟ ತೆಗೆದಳು. ಅಲ್ಲೂ ಚೌಕ. ಅದರಲ್ಲಿ ಇಬ್ಬರೂ ಒಂದೇ ಕೊಡೆಯ ಕೆಳಗೆ ನಡೆಯುತ್ತಿದ್ದರು. ಮತ್ತೊಂದರಲ್ಲಿ ಅವನು ಬರುವಷ್ಟರಲ್ಲಿ ಮನೆ ಖಾಲಿಯಾಗಿತ್ತು.

"ಓರಿಯೆ ಅವರೇ, ಇದೇನು?"

ಓರಿಯೆ ಗುರುಗಳ ಕಡೆ ನೋಡಿದರು. ಕುರೋಸೆ ಕಣ್ಣು ಮುಚ್ಚಿ ತೆರೆದರು; ಹೇಳು ಎಂಬಂತೆ.

"ಗುರುಗಳ ಗುರು ಒಬ್ಬರಿದ್ದರು. ಕಥೆ ಅರ್ಧದಲ್ಲಿರುವಾಗ ತೀರಿಕೊಂಡರು. ಆ ಕಥೆಯಲ್ಲಿ ಒಬ್ಬ ಹುಡುಗಿ ಮುರಿದ ಸೇತುವೆ ಮೇಲೆ ನಿಂತಿದ್ದಳು. ಅವಳು ದಾಟಿದಳಾ ಅಂತ ಓದುಗರು ಒಂದು ವರ್ಷ ಕಾಗದ ಬರೆದರು. ಹೇಳೋಕೆ ಯಾರಿದ್ದರು? ಆಗಲೇ ಗುರುಗಳು ನಿಶ್ಚಯ ಮಾಡಿದ್ದು. ಪ್ರತಿ ವಾರ ಕಂತು ಮುಗಿದ ಮೇಲೆ ಅಡಿಯಲ್ಲಿ ನೀಲಿಯಲ್ಲಿ ಒಂದು ಕೊನೆ ಬರೆದಿಡೋದು. 'ಈ ವಾರ ನಾನು ಸತ್ತರೆ ಇದಕ್ಕೆ ಮಸಿ ಹಾಕಿಬಿಡು' ಅಂತ ನನಗೆ ಹೇಳಿಟ್ಟಿದ್ದರು."

"ಎಲ್ಲ ವಾರವೂ?"

"ಒಂದು ವಾರವೂ ತಪ್ಪಿಸಿಲ್ಲ."

"ನಮಗೆ ಯಾಕೆ ಹೇಳಲಿಲ್ಲ?" ವನಮಾಲಾಳ ದನಿ ತಾನು ಅಂದುಕೊಂಡದ್ದಕ್ಕಿಂತ ಏರಿತ್ತು.

ಓರಿಯೆ ತಲೆ ತಗ್ಗಿಸಿದರು. "ನೀಲಿಯ ಮಾತು ಹೊರಗಿನವರ ಮುಂದೆ ಎತ್ತೋ ಪದ್ಧತಿ ಇಲ್ಲ. ಅದು ಗುರುಗಳು ಇನ್ನೂ ಯೋಚನೆ ಮಾಡ್ತಿರೋದು. ಅರ್ಧ ಬೆಂದ ಅನ್ನ ಅತಿಥಿಗೆ ಬಡಿಸೋಕಾಗುತ್ತಾ? ನಿಮ್ಮ ಯಂತ್ರಕ್ಕೂ ಅದು ಬೇಡ ಅಂದುಕೊಂಡೆ. ನೀವೂ ಕೇಳಲಿಲ್ಲ."

ಹೌದು, ಅವಳು ಕೇಳಿರಲಿಲ್ಲ. ಐವತ್ಮೂರು ವರ್ಷ ಒಬ್ಬ ಮನುಷ್ಯ ವಾರವಾರವೂ ಕಥೆ ಮುಗಿಸಿದ್ದ. ಅದನ್ನೆಲ್ಲ ಜರಡಿ ಹಿಡಿದು ಚೆಲ್ಲಿ, ಇವರಿಗೆ ಮುಗಿಸಲು ಬರುವುದಿಲ್ಲ ಎಂದು ಯಂತ್ರಕ್ಕೆ ಕಲಿಸಿದವಳು ತಾನು. ವನಮಾಲಾಳಿಗೆ ಅಳು ಬಂತು. ತಡೆದುಕೊಂಡು ಕೇಳಿದಳು. "ಕೊನೆಯ ವಾರದ್ದು ಎಲ್ಲಿ? ಪಾರ್ಶ್ವವಾಯು ಹೊಡೆದ ವಾರದ್ದು?"

ಓರಿಯೆ ಒಳಗಿನಿಂದ ಒಂದು ಪುಟ ತಂದರು. ಅಂಚಿನಲ್ಲಿ ಚೌಕದ ಮೂರು ಗೆರೆಗಳಷ್ಟೇ ಇದ್ದವು. ನಾಲ್ಕನೆಯದು ಅರ್ಧಕ್ಕೆ ನಿಂತಿತ್ತು.

ಮರುದಿನವೇ ವನಮಾಲಾ ತಕಾಬೆಗೆ ಎಲ್ಲ ಹೇಳಿ ತಪ್ಪೊಪ್ಪಿಕೊಂಡಳು. ಅವರು ಬೈಯಲಿಲ್ಲ. "ಹಾಗಾದರೆ ಐದೂವರೆ ಸಾವಿರ ಮುಕ್ತಾಯ ಇದೆ ಅನ್ನಿ!" ಎಂದು ಕುರ್ಚಿಯಿಂದ ಎದ್ದೇಬಿಟ್ಟರು. ಜರಡಿ ತೆಗೆದು, ಎಲ್ಲ ಕಂತುಗಳ ಕೊನೆಯ ಪುಟಗಳನ್ನು ಮತ್ತೆ ಸ್ಕ್ಯಾನ್ ಮಾಡಲು ಒಂಬತ್ತು ದಿನ ಹಿಡಿಯಿತು. ಹತ್ತನೆಯ ದಿನ ಮೂರನೇ ಕೈಗೆ ಮತ್ತೆ ಹೇಳಿದರು: ಮುಗಿಸು.

ಈ ಸಲ ಅದು ಮುಗಿಸಿತು. ಊಟದ ಹೊತ್ತಿಗೆ ಮೂವತ್ತೆರಡು ಸಲ ಮುಗಿಸಿತ್ತು. ಸಾಕಿಚಿ ನಗುತ್ತ ಬಂದ, ಅಳುತ್ತ ಬಂದ, ಹಿಮದಲ್ಲಿ ಬಂದ, ಅಂಗಳದಲ್ಲಿ ಕುಸಿದು ಸತ್ತ. ಎಲ್ಲವೂ ಚೆನ್ನಾಗಿದ್ದವು. ಹಾಗೇ ಬಿಟ್ಟರೆ ಯಂತ್ರ ಸಂಜೆಯೊಳಗೆ ನೂರು ಕೊನೆ ಕೊಡುವಂತಿತ್ತು. ಹುರುಪಿನಿಂದ ಅಷ್ಟನ್ನೂ ಹೊತ್ತುಕೊಂಡು ಇಬ್ಬರೂ ಕುರೋಸೆಯವರ ಮನೆಗೆ ಹೋದರು.

ಕುರೋಸೆ ಮೊದಲ ಪುಟವನ್ನು ಬಹಳ ಹೊತ್ತು ನೋಡಿದರು. ಎರಡನೆಯದನ್ನು ಅದಕ್ಕಿಂತ ಕಡಿಮೆ. ಹತ್ತನೆಯದಕ್ಕೆ ಬಂದಾಗ ಎಡಗೈಯಿಂದ ಕಟ್ಟನ್ನೇ ತಳ್ಳಿದರು. ಪುಟಗಳು ನೆಲದ ತುಂಬ ಹರಡಿದವು. ಅವರ ಕಣ್ಣಲ್ಲಿ ನೀರಿತ್ತು. ಗಂಟಲಿನಿಂದ ಏನೋ ಸದ್ದು ಬಂತು.

"ಇವುಗಳಲ್ಲಿ ಏನು ಕೊರತೆ?" ತಕಾಬೆ ನಿಜಕ್ಕೂ ನೊಂದಿದ್ದರು. "ಎಲ್ಲ ಅವರದೇ ಗೆರೆ, ಅವರದೇ ಯೋಚನೆ."

ಓರಿಯೆ ಪುಟಗಳನ್ನು ಆಯುತ್ತ ಮೆತ್ತಗೆ ಹೇಳಿದರು. "ಆಯಾ ವಾರದ ಯೋಚನೆ. ಇವೆಲ್ಲ ಗುರುಗಳು ದಾಟಿಕೊಂಡು ಬಂದ ಕೊನೆಗಳು. ಈ ವಾರದ್ದು ಇದರಲ್ಲಿ ಇಲ್ಲ."

ಈ ವಾರದ್ದು ಎಲ್ಲಿಂದ ತರುವುದು? ಆ ಸಂಜೆ ವನಮಾಲಾ ಊಟಕ್ಕೆ ಕೂತವಳು ರೊಟ್ಟಿ ಮುರಿದು ಮುರಿದು ಇಟ್ಟಳು. ರುಕ್ಮವ್ವ ಎಲ್ಲ ಕೇಳಿಸಿಕೊಂಡು, ಪಲ್ಯ ಬಡಿಸುತ್ತ ಅಂದಳು. "ಆ ಯಜಮಾನಗ ಯಾರಾರ ಪೆನ್ನು ಕೊಟ್ ನೋಡೀರೇನು?"

"ಕೊಡಲಾರದ ಏನವ್ವಾ? ದವಾಖಾನ್ಯಾಗ ಕೊಟ್ರು, ನಾವೂ ಕೊಟ್ವಿ. ಎಡಗೈಯಾಗ ಹಿಡೀರಿ ಅಂತ ಅಂದ್ವಿ. ಒಗದಬಿಟ್ರು."

"ಎಂಥಾ ಪೆನ್ನು?"

"ಕರೇ ಮಸಿ ಪೆನ್ನು. ಅವರು ಯಾವಾಗ್ಲೂ ಬರಿಯೂದು."

"ಹುಚ್ಚಿ" ಎಂದಳು ರುಕ್ಮವ್ವ. "ನನ್ನ ಕೈ ಬಿದ್ದ ಮ್ಯಾಲ ನೀ ಒಮ್ಮೆಲೇ ಕತ್ರಿ ಕೊಟ್ಟ್ರ ನಾ ಹಿಡಿತೇನೇನು? ಕತ್ತರಿಸಿದ ಅರಬಿ ಕೆಟ್ಟ್ರ ಕೆಟ್ಟಂಗ. ಮೊದಲ ಚಾಕ್ ಪೀಸ್ ಕೊಡಬೇಕಿಲ್ಲೋ. ತಪ್ಪಿದ್ರ ಒರಸಿದ್ರಾತು."

ವನಮಾಲಾ ಊಟ ಬಿಟ್ಟು ಎದ್ದಳು. ರುಕ್ಮವ್ವ ರಟ್ಟೆ ಹಿಡಿದು ಕೂರಿಸಿ ರೊಟ್ಟಿ ಮುಗಿಸುವಂತೆ ಮಾಡಿದಳು. ಯಜಮಾನ ಎಲ್ಲಿಗೂ ಓಡಿಹೋಗುವುದಿಲ್ಲ ಎಂದಳು.

ಬೆಳಿಗ್ಗೆ ಹತ್ತು ಗಂಟೆಗೆ ಓರಿಯೆ ಗುರುಗಳ ತೊಡೆಯ ಮೇಲೆ ಹಲಗೆ ಇಟ್ಟರು. ಅದರ ಮೇಲೆ ಹೊಸ ಕಾಗದ. ಪಕ್ಕದಲ್ಲಿ ಮೂರನೇ ಕೈ ಬರೆದ ಹತ್ತೊಂಬತ್ತನೇ ಪುಟ: ಬಾಗಿಲು ತಟ್ಟಲು ಕೈ ಎತ್ತಿ ನಿಂತ ಸಾಕಿಚಿ. ವನಮಾಲಾ ನೀಲಿ ಪೆನ್ಸಿಲನ್ನು ಎರಡೂ ಕೈಯಲ್ಲಿ ಚಾಚಿದಳು.

ಕುರೋಸೆ ಅದನ್ನು ನೋಡಿದರು. ಒಂದೂವರೆ ವರ್ಷದಿಂದ ಯಾರೂ ಅವರಿಗೆ ಅದನ್ನು ಕೊಟ್ಟಿರಲಿಲ್ಲ. ಎಡಗೈ ಮೆಲ್ಲಗೆ ಮುಂದೆ ಬಂದು ಪೆನ್ಸಿಲು ಹಿಡಿಯಿತು, ಮಕ್ಕಳು ಚಮಚ ಹಿಡಿಯುವ ಹಾಗೆ ಮುಷ್ಟಿಯಲ್ಲಿ. ಮೊದಲ ಗೆರೆ ಸೊಟ್ಟ ಹೋಯಿತು. ಅವರು ನಿಲ್ಲಲಿಲ್ಲ. ನೀಲಿ ಅಲ್ಲವೇ, ಯಾರ ಕಣ್ಣಿಗೂ ಬೀಳುವುದಲ್ಲ. ಹತ್ತು ಗೆರೆ ಹಾಕಿದರೆ ಅದರಲ್ಲಿ ಒಂದು ಬೇಕಾದಲ್ಲಿ ಬೀಳುತ್ತಿತ್ತು. ಒಂದು ಕಾಲದಲ್ಲಿ ವಾರಕ್ಕೆ ನಲವತ್ತು ಪುಟ ಬರೆದ ಮನುಷ್ಯ ಒಂದೇ ಒಂದು ಚೌಕಕ್ಕೆ ಎರಡು ಗಂಟೆ ತೆಗೆದುಕೊಂಡರು. ವನಮಾಲಾಳಿಗೆ ಕಾಣುತ್ತಿದ್ದುದು ಬರೀ ಗೋಜಲು. ಓರಿಯೆ ಮಾತ್ರ ಬಗ್ಗಿ ನೋಡುತ್ತ, "ಹೂಂ... ಹೂಂ..." ಎನ್ನುತ್ತಿದ್ದರು. ಒಮ್ಮೆ "ಅಯ್ಯೋ!" ಎಂದು ಬಾಯಿ ಮುಚ್ಚಿಕೊಂಡರು.

ಮುಗಿದ ಮೇಲೆ ಕುರೋಸೆ ಮಸಿಯ ಬಾಟಲಿಯನ್ನು ಓರಿಯೆಯ ಕಡೆ ತಳ್ಳಿದರು.

"ಮಳೆಗೂ ಮನೆಗೂ ಹಾಕ್ತೀನಿ ಗುರುಗಳೇ. ಮುಖಕ್ಕೆ ನಾನು ಹಾಕುವ ಹಾಗಿಲ್ಲ."

ಅವರು ಬಾಟಲಿಯನ್ನು ಇನ್ನೊಂದಿಷ್ಟು ತಳ್ಳಿದರು. ಅದು ಹಲಗೆಯ ಅಂಚಿಗೆ ಬಂತು. ಇನ್ನೂ ತಳ್ಳಿದರೆ ಬೀಳುತ್ತಿತ್ತು. ಓರಿಯೆ ಅದನ್ನು ಹಿಡಿದುಕೊಂಡರು. ಆಮೇಲೆ ಕೈ ತೊಳೆದು ಬಂದು ಕೂತು, ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಒಂದು ಮುಖ ಬರೆದರು. ಆಮೇಲೆ ಇನ್ನೊಂದು.

ಆ ಪುಟ ಶುಕ್ರವಾರ ವನಮಾಲಾಳ ಮೇಜಿಗೆ ಬಂತು. ಕರಾರಿನಲ್ಲಿ ಎಲ್ಲರೂ ಮರೆತಿದ್ದ ಒಂದು ಸಾಲಿತ್ತು: ಕುರೋಸೆಯವರ ಸ್ವಂತ ಕೈಯ ಪುಟ ದೊರೆತರೆ ಯಂತ್ರದ ಪುಟ ಹಿಂದೆ ಸರಿಯತಕ್ಕದ್ದು. ಜರಡಿ ಹಾಕಿ ಸ್ಕ್ಯಾನ್ ಮಾಡಿದರೆ ಬರುವುದು ಬರೀ ಕಪ್ಪು ಗೆರೆ. ಓರಿಯೆಯ ಗೆರೆಯೂ ಗುರುಗಳ ಗೆರೆಯೂ ಇಷ್ಟು ವರ್ಷ ಜೊತೆಗಿದ್ದು ಹೆಚ್ಚುಕಡಿಮೆ ಒಂದೇ ಆಗಿದ್ದವು. ಗುರುಗಳೇ ಬರೆದರು ಎಂದರೆ ಯಾರೂ ಅನುಮಾನಿಸುತ್ತಿರಲಿಲ್ಲ. ವನಮಾಲಾ ಹಿಂದೆ ಒಮ್ಮೆ ನೀಲಿ ಅಳಿಸಿ ಆದದ್ದು ಸಾಕು ಎಂದುಕೊಂಡು, ಜರಡಿ ತೆಗೆದು ಸ್ಕ್ಯಾನ್ ಮಾಡಿ, ತಕಾಬೆಯವರ ಮುಂದೆ ಇಟ್ಟಳು.

ಕಪ್ಪಿನ ಅಡಿಯಲ್ಲಿ ನೀಲಿ ಗೋಜಲು ಸ್ಪಷ್ಟವಾಗಿತ್ತು.

"ಮುಖಕ್ಕೆ ಮಸಿ ಯಾರದು?" ತಕಾಬೆ ಕೇಳಿದರು.

"ಓರಿಯೆಯವರದು."

"ಹಾಗಾದರೆ ಇದು ಅವರ ಸ್ವಂತ ಕೈಯ ಪುಟ ಹೇಗಾಯಿತು?"

"ಇಷ್ಟು ವರ್ಷ ಆದ ಹಾಗೆಯೇ ಸರ್. ಅವರ ನೀಲಿ, ಸ್ಟುಡಿಯೋದ ಮಸಿ. ನಾವು ನೀಲಿ ಬಿಟ್ಟು ಬರೀ ಮಸಿಯನ್ನ ಕೈ ಅಂದುಕೊಂಡಿದ್ವಿ."

ತಕಾಬೆ ಪುಟದ ಮೇಲೆ ಬಾಗಿದರು. "ನಮ್ಮಜ್ಜಿ ಆಸ್ಪತ್ರೆಯಲ್ಲಿದ್ದಾಗ ಕೊನೆಗೆ ಕೇಳಿದ್ದು ನಮ್ಮನ್ನಲ್ಲ" ಎಂದರು. "ಸಾಕಿಚಿ ಎಲ್ಲೀವರೆಗೆ ಬಂದ ಅಂತ ಕೇಳಿದಳು. ಇನ್ನೇನು ಬಂದ ಅಂದೆ. ಸುಳ್ಳು ಹೇಳಿದೆ ಅಂತ ಇಷ್ಟು ದಿನ ಕೊರೀತಿತ್ತು." ಪೆನ್ನು ತೆಗೆದು ಅಂಚಿನಲ್ಲಿ ಒಪ್ಪಿಗೆಯ ಸಹಿ ಹಾಕಿದರು. ಪತ್ರಿಕೆಯವರು ಫೋನಿನಲ್ಲಿ ಕೂಗಾಡಿದರು. ತಕಾಬೆ ಕರಾರಿನ ಆ ಸಾಲನ್ನು ಮೂರು ಸಲ ಓದಿ ಹೇಳಿದರು.

ಅಚ್ಚಾಗಿ ಬಂದ ಪತ್ರಿಕೆಯನ್ನು ವನಮಾಲಾ ತಾಯಿಯ ಮುಂದೆ ಬಿಡಿಸಿಟ್ಟಳು. ಹತ್ತೊಂಬತ್ತು ಪುಟ ಯಂತ್ರದವು. ಇಪ್ಪತ್ತನೆಯದು ಇಡೀ ಪುಟಕ್ಕೆ ಒಂದೇ ಚೌಕ. ಬಾಗಿಲು ತೆರೆದಿದೆ. ಒಳಗೆ ಸೂರಿನಿಂದ ನೆಲದವರೆಗೆ ಕೊಡೆಗಳು: ಊರವರು ರಿಪೇರಿಗೆಂದು ಕೊಟ್ಟವು. ನಡುವೆ ಮುದುಕಿ ಒಮಿತ್ಸು ಬಾಯಲ್ಲಿ ದಾರ ಕಚ್ಚಿಕೊಂಡು ಕೂತಿದ್ದಾಳೆ. ಅವಳ ಹಿಂದೆ ಗೋಡೆಗೆ ತೂಗುಹಾಕಿದ ಹಳೆಯ ಕೊಡೆಯಲ್ಲಿ ಒಂದೇ ಒಂದು ಕಡ್ಡಿ ಬೇರೆ ಬಗೆಯದು. ಸಾಕಿಚಿ ನಲವತ್ತೊಂದು ವರ್ಷ ಹೊತ್ತು ತಿರುಗಿದ ಬಿದಿರು ಕಡ್ಡಿಯನ್ನು ಕೈಯಲ್ಲಿ ಹಿಡಿದು ಹೊಸ್ತಿಲ ಮೇಲೆ ನಿಂತಿದ್ದಾನೆ. ಒಮಿತ್ಸು ಎದ್ದಿಲ್ಲ. 'ಕೂತುಕೋ, ಕೆಲಸ ಬಹಳ ಇದೆ' ಎಂಬಂತೆ ಗಲ್ಲದಿಂದ ಪಕ್ಕದ ಮಣೆ ತೋರಿಸುತ್ತಿದ್ದಾಳೆ. ಚೌಕದಲ್ಲಿ ಒಂದೂ ಮಾತಿಲ್ಲ.

ರುಕ್ಮವ್ವ ಕನ್ನಡಕ ಸರಿಮಾಡಿಕೊಂಡು ನೋಡಿದಳು. ಗೋಡೆಯ ಕೊಡೆಯನ್ನು ಬೆರಳಿನಿಂದ ಮುಟ್ಟಿದಳು.

"ತಾನ ರಿಪೇರಿ ಮಾಡ್ಕೊಂಡಾಳ" ಎಂದಳು. "ಮತ್ತ? ಇಂವ ಬರೂತನಕ ನಲವತ್ ವರ್ಷ ತೊಯ್ಸಿಕೊಂಡ್ ಕುಂಡ್ರತಾಳೇನು?" ಅಂದವಳು ಮುಖ ಆಚೆ ತಿರುಗಿಸಿ ಸೆರಗಿನಿಂದ ಮೂಗು ಒರೆಸಿಕೊಂಡಳು.

ಕುರೋಸೆ ಆ ಪತ್ರಿಕೆಯನ್ನು ಬೋರಲು ಹಾಕಲಿಲ್ಲ. ಎರಡು ದಿನ ತೊಡೆಯ ಮೇಲೇ ಇತ್ತು. ಮೂರನೆಯ ದಿನ ಮೂಲ ಪುಟ ಹಿಂದಿರುಗಿಸಲು ವನಮಾಲಾ ಹೋದಾಗ ಓರಿಯೆ ಬಾಗಿಲಲ್ಲೇ ತಲೆ ಚಚ್ಚಿಕೊಂಡರು. "ಇನ್ನು ಸ್ವಲ್ಪ ದಿನ ವಿಶ್ರಾಂತಿ ತಗೊಳ್ತಾರೆ ಅಂದುಕೊಂಡಿದ್ದೆ. ಬನ್ನಿ, ನೋಡಿ."

ಹಲಗೆಯ ಮೇಲೆ ಹೊಸ ಕಾಗದ. ಅದರ ತುಂಬ ನೀಲಿ. ಆರು ಚೌಕಗಳಲ್ಲಿ ಯಾವಳೋ ಮುದುಕಿ ಕೊಡೆ ಹಿಡಿದು, ಬುತ್ತಿ ಕಟ್ಟಿಕೊಂಡು ಮನೆಯಿಂದ ಹೊರಟಿದ್ದಳು. ಎಲ್ಲಿಗೆ ಎಂದು ಇನ್ನೂ ಗೊತ್ತಿರಲಿಲ್ಲ. ಕುರೋಸೆ ಆಗ ತಾನೇ ಕೊನೆಯ ಚೌಕದ ಕೆಳಗಿನ ಅಂಚಿಗೆ ಬಂದಿದ್ದರು. ಮುಷ್ಟಿಯಲ್ಲಿ ಪೆನ್ಸಿಲು ಹಿಡಿದು ಒಂದು, ಎರಡು, ಮೂರು ಗೆರೆ ಎಳೆದರು. ನಾಲ್ಕನೆಯದನ್ನೂ ಎಳೆದು ಮುಚ್ಚಿದರು.

ಆ ಪುಟ್ಟ ಚೌಕದೊಳಗೆ ಅವರು ಏನೂ ಬರೆಯಲಿಲ್ಲ. ಪೆನ್ಸಿಲನ್ನು ಹಲಗೆಯ ಮೇಲೆ ಇಟ್ಟು, ಬೆರಳ ತುದಿಯಿಂದ ಓರಿಯೆಯ ಕಡೆಗೆ ಉರುಳಿಸಿದರು.

ಓರಿಯೆ ಅವರ ಮುಖ ನೋಡಿದರು, ಕಾಗದ ನೋಡಿದರು. ಆಮೇಲೆ ಪೆನ್ಸಿಲು ಎತ್ತಿಕೊಂಡು, ಕಿಟಕಿಯ ಬಳಿ ಕೂತು, ಮೊದಲು ಅದರ ಮೊನೆ ಚೂಪು ಮಾಡತೊಡಗಿದರು.